ಒಂದು ಲಕೋಟೆ, ಮೂರು ದಿನಾಂಕ: ಸರ್ಟಿಫೈಡ್ ಮೇಲ್ ಪ್ರಕರಣವೊಂದರ ಅಧ್ಯಯನ

ಈ ಪ್ರಕರಣ ನಡೆದದ್ದು ಅಮೆರಿಕದಲ್ಲಿ. ವಯಸ್ಸಾದವರಿಗೆ ಸರ್ಕಾರಿ ಕಾಗದಪತ್ರಗಳ ವಿಷಯದಲ್ಲಿ ನೆರವಾಗುವ ಸ್ವಯಂಸೇವಕರ ಗುಂಪೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಇದು ನಮ್ಮ ಬಳಿಗೆ ಬಂತು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಹಣದ ಮೊತ್ತ, ಸಂಸ್ಥೆಯ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ದಿನಾಂಕಗಳ ಬದಲಿಗೆ ಸಂಸ್ಥೆಯ ಆದೇಶಪತ್ರದ ದಿನಾಂಕದಿಂದ ಎಣಿಸಿದ ದಿನಗಳನ್ನು ಬಳಸಿದ್ದೇನೆ, ಏಕೆಂದರೆ ಇಡೀ ವ್ಯಾಜ್ಯ ನಿಂತಿದ್ದೇ ಆ ಎಣಿಕೆಯ ಮೇಲೆ.

ಹಿನ್ನೆಲೆ

ಅರ್ಜಿದಾರೆ ಎಪ್ಪತ್ತು ದಾಟಿದ ವಿಧವೆ. ಅವರ ಪತಿ ಫೆಡರಲ್ ಸರ್ಕಾರದ ನೌಕರರಾಗಿದ್ದರು. ಪತಿಯ ನಿಧನದ ನಂತರ ಅವರಿಗೆ ಬರುತ್ತಿದ್ದ ಕುಟುಂಬ ಪಿಂಚಣಿಯಲ್ಲಿ ಕೆಲವು ಕಾಲ ಹೆಚ್ಚುವರಿ ಹಣ ಪಾವತಿಯಾಗಿದೆ, ಅದನ್ನು ಹಿಂದಿರುಗಿಸಬೇಕು ಎಂದು ವಾಷಿಂಗ್ಟನ್ನಿನಲ್ಲಿರುವ ಸಂಸ್ಥೆ ಆದೇಶ ಕಳುಹಿಸಿತು. ಆದೇಶವನ್ನು ಒಪ್ಪದವರು ಮರುಪರಿಶೀಲನೆ ಕೋರಬಹುದಿತ್ತು. ಆದರೆ ಆ ಕೋರಿಕೆ ಆದೇಶದ ದಿನಾಂಕದಿಂದ 30 ದಿನಗಳೊಳಗೆ ಕಚೇರಿಯನ್ನು ತಲುಪಬೇಕು ಎಂದು ಪತ್ರದ ಎರಡನೆಯ ಪುಟದಲ್ಲಿ ಬರೆದಿತ್ತು. ‘ತಲುಪಬೇಕು’ ಎಂಬ ಈ ಷರತ್ತನ್ನು ಮನೆಯವರು ಓದಿದ್ದರು, ಆದರೆ ಅದಕ್ಕೆ ಕೊಡಬೇಕಾದಷ್ಟು ತೂಕ ಕೊಟ್ಟಿರಲಿಲ್ಲ. ಅರ್ಜಿದಾರೆಯ ಮಗನಿಗೆ ಪ್ರತಿವರ್ಷ ಆದಾಯ ತೆರಿಗೆಯ ಲೆಕ್ಕಪತ್ರ ಸಲ್ಲಿಸಿ ರೂಢಿ. ಅಲ್ಲಿ ತೆರಿಗೆ ಸಂಹಿತೆಯ ಕಲಂ 7502ರ ಪ್ರಕಾರ ಗಡುವಿನೊಳಗೆ ಅಂಚೆಗೆ ಹಾಕಿದರೆ ಗಡುವಿನೊಳಗೆ ಸಲ್ಲಿಸಿದಂತೆಯೇ ಲೆಕ್ಕ. ಸರ್ಕಾರದ ಎಲ್ಲ ಕಚೇರಿಗಳಿಗೂ ಅದೇ ನಿಯಮ ಅನ್ವಯಿಸುತ್ತದೆ ಎಂದು ಅವರು ಭಾವಿಸಿದ್ದರು. ಅನ್ವಯಿಸುವುದಿಲ್ಲ.

ಆದೇಶ ಕೈಸೇರಿದ್ದು 6ನೆಯ ದಿನ. ಅರ್ಜಿದಾರೆ 11ನೆಯ ದಿನ ಅಂಚೆ ಕಚೇರಿಗೆ ಮುದ್ದಾಂ ಹೋಗಿ, ಕೌಂಟರಿನಲ್ಲಿ ಸರ್ಟಿಫೈಡ್ ಮೇಲ್ ಮೂಲಕ, ಸ್ವೀಕೃತಿ ಕಾರ್ಡ್ ಸಮೇತ ಪತ್ರ ಕಳುಹಿಸಿದರು. ರಸೀದಿಯ ಮೇಲೆ ದುಂಡನೆಯ ಮೊಹರು ಹಾಕಿಸಿಕೊಂಡರು. ಇಷ್ಟು ಜಾಗರೂಕತೆ ತೋರುವವರು ಕಡಿಮೆ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಭಾರತದ ರಿಜಿಸ್ಟರ್ಡ್ ಅಂಚೆಯನ್ನು ನೋಡಿ ಬೆಳೆದ ನಮ್ಮಂಥವರು ಇದರಲ್ಲಿ ಎಡವುವುದು ಹೆಚ್ಚು. ಅಮೆರಿಕದಲ್ಲಿ ರಿಜಿಸ್ಟರ್ಡ್ ಮೇಲ್ 1855ರಿಂದಲೂ ಇದೆ; ಅದರಲ್ಲಿ ಲಕೋಟೆ ಕೈಯಿಂದ ಕೈಗೆ ದಾಟುವಾಗಲೆಲ್ಲ ಲೆಕ್ಕವಿಡುತ್ತಾರೆ. 1955ರಲ್ಲಿ ಬಂದ ಸರ್ಟಿಫೈಡ್ ಮೇಲ್ ಅಂಥದ್ದಲ್ಲ. ಅದು ಸಾಮಾನ್ಯ ಫಸ್ಟ್ ಕ್ಲಾಸ್ ಟಪಾಲಿನ ಜೊತೆಯಲ್ಲೇ ಸಾಗುತ್ತದೆ. ಕಳುಹಿಸಿದ್ದಕ್ಕೆ ಒಂದು ದಾಖಲೆ, ಬಟವಾಡೆಯಾದದ್ದಕ್ಕೆ ಒಂದು ದಾಖಲೆ ಸಿಗುತ್ತದೆ. ನಡುವಿನ ದಾರಿಯಲ್ಲಿ ಯಂತ್ರಗಳು ಎಲ್ಲೆಲ್ಲಿ ಬಾರ್‌ಕೋಡ್ ಓದಿದವೋ ಅಷ್ಟು ಮಾತ್ರ ಟ್ರ್ಯಾಕಿಂಗಿನಲ್ಲಿ ಕಾಣುತ್ತದೆ. ನಡುವೆ ಏನೂ ಕಾಣದಿದ್ದರೆ ಪತ್ರ ಕಳೆದುಹೋಗಿದೆ ಎಂದೂ ಅರ್ಥವಲ್ಲ, ಯಾರೋ ತಡೆದಿದ್ದಾರೆ ಎಂದೂ ಅರ್ಥವಲ್ಲ.

ಸಮಸ್ಯೆ

13ನೆಯ ದಿನ ಪತ್ರ ವಾಷಿಂಗ್ಟನ್ ಪ್ರದೇಶದ ವಿಂಗಡಣಾ ಕೇಂದ್ರ ತಲುಪಿದ್ದು ಟ್ರ್ಯಾಕಿಂಗಿನಲ್ಲಿ ಕಂಡಿತು. ಆಮೇಲೆ ಹತ್ತು ದಿನ ಏನೂ ಇಲ್ಲ. 24ನೆಯ ದಿನ ಬೆಳಗಿನ ಜಾವ, ಯಾವ ಕಚೇರಿಯೂ ಬಾಗಿಲು ತೆರೆದಿರದ ಹೊತ್ತಿನಲ್ಲಿ, ‘ಬಟವಾಡೆಯಾಗಿದೆ’ ಎಂದು ದಾಖಲಾಯಿತು. 33ನೆಯ ದಿನ ಮಗ ಸಂಸ್ಥೆಗೆ ಫೋನ್ ಮಾಡಿದಾಗ, ಅಂಥ ಯಾವ ಪತ್ರವೂ ಬಂದಿಲ್ಲ ಎಂಬ ಉತ್ತರ ಸಿಕ್ಕಿತು. ಕೆಲವು ದಿನಗಳ ನಂತರ ಇನ್ನೊಬ್ಬ ಸಿಬ್ಬಂದಿ, ಬಂದಿರಬಹುದು, ಇನ್ನೂ ದಾಖಲಾಗಿಲ್ಲ ಎಂದರು. ಏಳನೆಯ ವಾರದ ಹೊತ್ತಿಗೆ ಸಂಸ್ಥೆಯ ಪತ್ರ ಬಂತು: ಮರುಪರಿಶೀಲನೆಯ ಕೋರಿಕೆ 36ನೆಯ ದಿನ ಸ್ವೀಕೃತವಾಗಿದೆ, ಗಡುವು ಮೀರಿದೆ, ಆದ್ದರಿಂದ ವಜಾ ಮಾಡಲಾಗಿದೆ. ಅದೇ ವಾರ ಸ್ವೀಕೃತಿ ಕಾರ್ಡೂ ಮನೆಗೆ ಬಂತು. ಅದರ ಮೇಲೆ ಸಹಿ ಇರಲಿಲ್ಲ, ಬದಲಿಗೆ ಓರೆಯಾಗಿ ಒತ್ತಿದ ರಬ್ಬರ್ ಸೀಲು ಇತ್ತು. ಶಾಯಿ ಹರಡಿದ್ದರೂ 29ನೆಯ ದಿನದ ದಿನಾಂಕ ಓದಲು ಬರುತ್ತಿತ್ತು.

ಹೀಗೆ ಒಂದೇ ಲಕೋಟೆಗೆ 24, 29, 36 ಎಂದು ಮೂರು ದಿನಾಂಕಗಳಾದವು. ಇವುಗಳ ಜೊತೆ ಇನ್ನೊಂದು ಒಗಟೂ ಸೇರಿಕೊಂಡಿತು: ಮಗ ಕಾರ್ಡಿನ ಮೇಲಿನ ಸಂಖ್ಯೆಯನ್ನು ಟ್ರ್ಯಾಕ್ ಮಾಡಿದಾಗ, ಪತ್ರಕ್ಕೆ ಸಂಬಂಧವೇ ಇಲ್ಲದ ಬೇರೊಂದು ಊರಿನ ಅಂಚೆ ಕೇಂದ್ರದಲ್ಲಿ ಅದು ಓಡಾಡಿದಂತೆ ಕಂಡಿತು. ಪತ್ರವನ್ನು ಬೇಕೆಂದೇ ಬೇರೆಡೆಗೆ ಕಳುಹಿಸಿ, ಗಡುವು ಮುಗಿಯುವವರೆಗೆ ಇಟ್ಟುಕೊಂಡು, ಆಮೇಲೆ ಸೀಲು ಹಾಕಿದ್ದಾರೆ ಎಂಬ ನಿರ್ಧಾರಕ್ಕೆ ಅವರು ಬಂದರು. ಕಾರ್ಡಿನ ಮೇಲಿನ 29ನೆಯ ದಿನದ ಸೀಲು ಅಂಚೆಯವರ 24ನೆಯ ದಿನಕ್ಕೂ ಹೊಂದುತ್ತಿಲ್ಲ, ಸಂಸ್ಥೆಯ 36ನೆಯ ದಿನಕ್ಕೂ ಹೊಂದುತ್ತಿಲ್ಲವಾದ್ದರಿಂದ ಅದೇ ಕೃತಕ ಎಂದು ಅವರಿಗೆ ತೋರಿತು. ಕಾರ್ಡನ್ನು ಬದಿಗಿಟ್ಟುಬಿಟ್ಟರು.

ಈ ಅನುಮಾನವನ್ನು ಹಗುರವಾಗಿ ಕಾಣಬಾರದು. ಫೆಡರಲ್ ಸರ್ಕಾರ ಸರಿಯಾದದ್ದನ್ನೇ ಮಾಡುತ್ತದೆ ಎಂದು ನಂಬುವ ಅಮೆರಿಕನ್ನರ ಪ್ರಮಾಣ 1958ರಲ್ಲಿ ಸುಮಾರು ಮುಕ್ಕಾಲು ಪಾಲಿತ್ತು. ಇತ್ತೀಚಿನ ವರ್ಷಗಳ ಸಮೀಕ್ಷೆಗಳಲ್ಲಿ ಅದು ಐದರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿದೆ. ಅದೇ ಜನ ಅಂಚೆ ಸೇವೆಯ ಬಗ್ಗೆ ಮಾತ್ರ ಸಾಕಷ್ಟು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದಾರೆ. ಈ ಕುಟುಂಬದಲ್ಲೂ ಹಾಗೆಯೇ ಆಗಿತ್ತು. ಅಂಚೆಯ ದಾಖಲೆ ಸತ್ಯ, ಸಂಸ್ಥೆಯ ದಾಖಲೆ ಸುಳ್ಳು ಎಂಬ ಎಣಿಕೆಯಿಂದಲೇ ಅವರು ಎಲ್ಲವನ್ನೂ ಓದುತ್ತಿದ್ದರು. ಎರಡೂ ನಿಜವಾಗಿರಬಹುದು, ಎರಡೂ ಬೇರೆ ಬೇರೆ ಘಟನೆಗಳನ್ನು ಹೇಳುತ್ತಿರಬಹುದು ಎಂಬ ಸಾಧ್ಯತೆಗೆ ಅಲ್ಲಿ ಜಾಗವೇ ಇರಲಿಲ್ಲ. ಫೋನಿನಲ್ಲಿ ಸಿಕ್ಕ ಎರಡು ತೆರನ ಉತ್ತರಗಳು ಆ ಜಾಗವನ್ನು ಪೂರ್ತಿಯಾಗಿ ಮುಚ್ಚಿದ್ದವು.

ಮೊದಲ ಪ್ರಯತ್ನಗಳು

ನಮ್ಮ ಬಳಿಗೆ ಬರುವ ಮೊದಲು ಮಗ ಸಂಸ್ಥೆಗೆ ಕಟುವಾದ ಪತ್ರವೊಂದನ್ನು ಬರೆದಿದ್ದರು. ಸೀಲನ್ನು ತಿದ್ದಿದ್ದಾರೆ ಎಂಬ ಆರೋಪ ಅದರಲ್ಲಿತ್ತು. ಪ್ರಕರಣದ ಸಂಖ್ಯೆ ಇರಲಿಲ್ಲ, ರಸೀದಿಯ ಪ್ರತಿಯನ್ನೂ ಲಗತ್ತಿಸಿರಲಿಲ್ಲ. ಸಂಸ್ಥೆ ಅದನ್ನು ಹೊಸ ಪತ್ರವ್ಯವಹಾರವೆಂದು ಬೇರೆ ಕಡತಕ್ಕೆ ಸೇರಿಸಿತು. ಅಂಚೆ ಸೇವೆಗೆ ಕಳೆದ ಟಪಾಲನ್ನು ಹುಡುಕಿಕೊಡುವಂತೆಯೂ ಅವರು ಅರ್ಜಿ ಹಾಕಿದ್ದರು. ಬಟವಾಡೆಯಾಗಿದೆ ಎಂದು ದಾಖಲಾದ ಪತ್ರವನ್ನು ಯಾರೂ ಹುಡುಕುವುದಿಲ್ಲವಾದ್ದರಿಂದ ಆ ಅರ್ಜಿ ಅಲ್ಲಿಗೇ ಮುಕ್ತಾಯವಾಯಿತು.

ಅವರು ನಮ್ಮಲ್ಲಿಗೆ ಬಂದಾಗ ಕೇಳಿದ್ದು ಒಂದೇ: ಸಂಸ್ಥೆಯೊಳಗಿನ ಅಕ್ರಮಗಳನ್ನು ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಗೆ ದೂರು ಬರೆದುಕೊಡಿ. ಪ್ರಕರಣದ ಮೊದಲ ಮುಖ್ಯ ನಿರ್ಧಾರ ಇಲ್ಲಿ ಆಯಿತು. ದೂರು ಬೇಡ ಎಂದು ನಾವು ಹೇಳಲಿಲ್ಲ, ಈಗ ಬೇಡ ಎಂದೆವು. ಇದಕ್ಕೆ ಎರಡು ಕಾರಣಗಳಿದ್ದವು. ದೂರಿನಲ್ಲಿ ಉದ್ದೇಶಪೂರ್ವಕ ವಂಚನೆಯನ್ನು ಆರೋಪಿಸಬೇಕಾಗುತ್ತಿತ್ತು, ಅದಕ್ಕೆ ಆಧಾರ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ವಜಾ ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸುವ ಗಡುವು ಆಗಲೇ ಓಡುತ್ತಿತ್ತು. ದೂರು ಕೊಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಮೇಲ್ಮನವಿಯನ್ನು ಚಿಕ್ಕದಾಗಿ ಬರೆದು ಸಲ್ಲಿಸಿ ಹಕ್ಕನ್ನು ಉಳಿಸಿಕೊಂಡೆವು. ಆಮೇಲೆ ದಾಖಲೆಗಳ ಕಡೆ ತಿರುಗಿದೆವು.

ದಾಖಲೆಗಳನ್ನು ಓದಿದ ಬಗೆ

ಒಂದು ದೊಡ್ಡ ಹಾಳೆಯಲ್ಲಿ ಪ್ರತಿ ದಿನಾಂಕದ ಎದುರಿಗೆ ಮೂರು ಸಂಗತಿಗಳನ್ನು ಬರೆದೆವು: ಇದನ್ನು ದಾಖಲಿಸಿದವರು ಯಾರು, ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಇದ್ದದ್ದು ಏನು, ಅವರು ಕಣ್ಣಾರೆ ಕಂಡದ್ದು ಎಷ್ಟು. ಈ ಮೂರನೆಯ ಪ್ರಶ್ನೆಯೇ ಪ್ರಕರಣವನ್ನು ಬಿಡಿಸಿತು ಎಂದು ನನ್ನ ಅಭಿಪ್ರಾಯ.

ಮೊದಲು ಬೇರೆ ಊರಿನ ಒಗಟು ಬಗೆಹರಿಯಿತು. ಬದಿಗಿಟ್ಟಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟು ನೋಡಿದಾಗ ಅದರ ಮೇಲೆ ಎರಡು ಸಂಖ್ಯೆಗಳಿರುವುದು ಕಂಡಿತು. ಬಾರ್‌ಕೋಡಿನ ಕೆಳಗೆ ಮುದ್ರಿತವಾಗಿರುವ, 9590 ಎಂದು ಆರಂಭವಾಗುವ ಸಂಖ್ಯೆ ಕಾರ್ಡಿಗೇ ಸೇರಿದ್ದು. ಎರಡನೆಯ ಚೌಕದಲ್ಲಿರುವ, 7ರಿಂದ ಆರಂಭವಾಗುವ ಇಪ್ಪತ್ತು ಅಂಕಿಗಳ ಸಂಖ್ಯೆ ಪತ್ರದ್ದು. ಲಕೋಟೆಯ ಮೇಲಿನ ಹಸಿರು ಚೀಟಿಯಲ್ಲೂ ಕೌಂಟರಿನ ರಸೀದಿಯಲ್ಲೂ ಇರುವುದು ಅದೇ. ಮಗ ಟ್ರ್ಯಾಕ್ ಮಾಡಿದ್ದು 9590ರ ಸಂಖ್ಯೆಯನ್ನು. ಅವರು ನೋಡಿದ್ದು ಕಾರ್ಡು ವಾಷಿಂಗ್ಟನ್ನಿನಿಂದ ಮನೆಗೆ ಹಿಂದಿರುಗಿದ ದಾರಿಯನ್ನು, ದಾರಿಯಲ್ಲಿ ಸಿಕ್ಕ ವಿಂಗಡಣಾ ಕೇಂದ್ರವನ್ನು. ಅವರು ಎರಡೂ ಸಂಖ್ಯೆಗಳನ್ನು ಒಂದೊಂದಾಗಿ ಮತ್ತೆ ಹಾಕಿ ನೋಡಿದರು, ಬಹಳ ಹೊತ್ತು ಸುಮ್ಮನಿದ್ದರು. ಪಿತೂರಿಯ ಸಂಶಯಕ್ಕೆ ಅತ್ಯಂತ ಬಲವಾದ ಆಧಾರವಾಗಿದ್ದದ್ದು ಹೀಗೆ ಕಳಚಿತು.

ಹತ್ತು ದಿನಗಳ ಮೌನಕ್ಕೆ ಕಾರಣ ಇತಿಹಾಸದಲ್ಲಿದೆ. 2001ರ ಶರತ್ಕಾಲದಲ್ಲಿ ಆಂಥ್ರಾಕ್ಸ್ ರೋಗಾಣುಗಳಿದ್ದ ಪತ್ರಗಳನ್ನು ಸುದ್ದಿಸಂಸ್ಥೆಗಳಿಗೂ ಸೆನೆಟರ್‌ಗಳಿಗೂ ಕಳುಹಿಸಲಾಗಿತ್ತು. ಐವರು ಸತ್ತರು, ಅವರಲ್ಲಿ ಇಬ್ಬರು ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಅಂಚೆ ಕೇಂದ್ರದ ನೌಕರರು. ಅಂದಿನಿಂದ ವಾಷಿಂಗ್ಟನ್ನಿನಲ್ಲಿ 202ರಿಂದ 205ರವರೆಗಿನ ಅಂಕಿಗಳಿಂದ ಆರಂಭವಾಗುವ ಪಿನ್ ಸಂಖ್ಯೆಗಳ ಸರ್ಕಾರಿ ಕಚೇರಿಗಳಿಗೆ ಹೋಗುವ ಪತ್ರಗಳನ್ನು ವಿಕಿರಣಕ್ಕೆ ಒಡ್ಡಿದ ನಂತರವೇ ಮುಂದೆ ಸಾಗಿಸುತ್ತಾರೆ. ಆ ಹಂತದಲ್ಲಿ ಟ್ರ್ಯಾಕಿಂಗ್ ಬಹುಮಟ್ಟಿಗೆ ಮೌನವಾಗಿರುತ್ತದೆ. ಸಂಸ್ಥೆಯ ವಿಳಾಸ ಈ ಪಿನ್ ಸಂಖ್ಯೆಗಳ ವ್ಯಾಪ್ತಿಗೇ ಬರುತ್ತಿತ್ತು. ಫೋನಿಗೆ ಉತ್ತರಿಸಿದ ಯಾರೂ ಇದನ್ನು ಹೇಳಿರಲಿಲ್ಲ. ಹೇಳಲು ಒಂದು ನಿಮಿಷ ಸಾಕಿತ್ತು.

24ನೆಯ ದಿನದ ಬಟವಾಡೆಯನ್ನು ತಿಳಿಯಲು, ಆ ಪ್ರದೇಶದ ಅಂಚೆ ಕಚೇರಿಯಿಂದ ಬಟವಾಡೆಯ ದಾಖಲೆ ಕೇಳಿದೆವು. ಸಹಿ ಪಡೆದು ಕೊಡುವ ಟಪಾಲಿನ ದಾಖಲೆಯನ್ನು ಅಂಚೆ ಸೇವೆ ಎರಡು ವರ್ಷ ಇಟ್ಟಿರುತ್ತದೆ, ಆದ್ದರಿಂದ ಅದು ಸಿಕ್ಕಿತು. ದಿನಕ್ಕೆ ಚೀಲಗಟ್ಟಲೆ ಟಪಾಲು ಬರುವ ಕಚೇರಿಗಳಲ್ಲಿ ಪ್ರತಿ ಲಕೋಟೆಗೂ ಬೇರೆ ಬೇರೆ ಸಹಿ ಪಡೆಯುವುದಿಲ್ಲ. ನಮೂನೆ 3883 ಎಂಬ ಪಟ್ಟಿಯಲ್ಲಿ ಸಂಖ್ಯೆಗಳನ್ನೆಲ್ಲ ನಮೂದಿಸಿ, ಕೆಳಗೆ ಒಂದೇ ಸಹಿ ಹಾಕಿಸಿಕೊಳ್ಳುತ್ತಾರೆ. ನಮ್ಮ ಪತ್ರದ ಸಂಖ್ಯೆಯೂ ಅಂಥ ಪಟ್ಟಿಯಲ್ಲಿತ್ತು. ಸಹಿ ಮಾಡಿದವರು ಸಂಸ್ಥೆಯ ಪರವಾಗಿ ಬೆಳಗಿನ ಜಾವ ಚೀಲಗಳನ್ನು ಒಯ್ಯುವ ಗುತ್ತಿಗೆದಾರರ ಕಡೆಯವರು. ಅವರು ಕಂಡದ್ದು ಚೀಲವನ್ನು, ಒಳಗಿನ ಲಕೋಟೆಯನ್ನಲ್ಲ. ಆ ಹೊತ್ತಿನಲ್ಲಿ ಸಂಸ್ಥೆಯ ಕಟ್ಟಡದಲ್ಲಿ ಯಾರೂ ಇರಬೇಕಾಗಿಯೂ ಇರಲಿಲ್ಲ.

ಉಳಿದದ್ದು 29 ಮತ್ತು 36. ಇದಕ್ಕಾಗಿ, ಫೆಡರಲ್ ಸಂಸ್ಥೆಗಳು ತಮ್ಮ ಬಗ್ಗೆ ಇಟ್ಟಿರುವ ದಾಖಲೆಗಳನ್ನು ನೋಡುವ, ತಿದ್ದಿಸುವ ಹಕ್ಕನ್ನು ಜನರಿಗೆ ಕೊಡುವ 1974ರ ಪ್ರೈವೆಸಿ ಕಾಯ್ದೆಯಡಿ ಅರ್ಜಿದಾರೆಯ ಸ್ವಂತ ಕಡತದ ಪ್ರತಿಯನ್ನು ಕೇಳಿದೆವು. ಲಕೋಟೆಯ ಎರಡೂ ಬದಿಗಳ ಪ್ರತಿ ಬೇಕು ಎಂದು ಪ್ರತ್ಯೇಕವಾಗಿ ಬರೆದೆವು. ಕಡತ ಕೇಳುವವರು ಸಾಮಾನ್ಯವಾಗಿ ಲಕೋಟೆಯನ್ನು ಮರೆಯುತ್ತಾರೆ. ಜೊತೆಗೆ ಅವರ ಕ್ಷೇತ್ರದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ ಕಚೇರಿಗೂ ಹೋದೆವು. ಫೆಡರಲ್ ಸಂಸ್ಥೆಗಳ ಜೊತೆಗಿನ ತೊಡಕುಗಳಲ್ಲಿ ಮತದಾರರ ಪರವಾಗಿ ವಿಚಾರಿಸುವ ಸಿಬ್ಬಂದಿ ಇಂಥ ಪ್ರತಿಯೊಂದು ಕಚೇರಿಯಲ್ಲೂ ಇರುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಸಾಕು. ಬಂದ ಪ್ರತಿಯಲ್ಲಿ ಲಕೋಟೆಯ ಮುಖದ ಮೇಲೆ 29ನೆಯ ದಿನದ ಓರೆ ಸೀಲು ಇತ್ತು, ಕಾರ್ಡಿನ ಮೇಲೆ ಇದ್ದದ್ದೇ. ಕೆಳಗೆ ಸಂಸ್ಥೆಯ ಟಪಾಲು ಕೊಠಡಿಯ ಹೆಸರು ಸ್ಪಷ್ಟವಾಗಿ ಓದಬಹುದಿತ್ತು. ಲಕೋಟೆಯ ಹಿಂಬದಿಯಲ್ಲಿ, ಮರುಪರಿಶೀಲನಾ ವಿಭಾಗದ 36ನೆಯ ದಿನದ ಇನ್ನೊಂದು ಸೀಲು ಇತ್ತು.

ಅಂದರೆ ಪತ್ರ ಗಡುವಿಗೆ ಒಂದು ದಿನ ಮೊದಲೇ ಸಂಸ್ಥೆಯ ಒಳಕ್ಕೆ ಬಂದು, ಟಪಾಲು ಕೊಠಡಿಯಿಂದ ವಿಭಾಗಕ್ಕೆ ಹೋಗಲು ಒಂದು ವಾರ ತೆಗೆದುಕೊಂಡಿತ್ತು. ವಜಾ ಆದೇಶ ಬರೆದವರು ತಮ್ಮ ವಿಭಾಗದ ಸೀಲನ್ನು ನೋಡಿದರು, ಲಕೋಟೆಯ ಮುಂಬದಿಯನ್ನು ನೋಡಲಿಲ್ಲ. ಕುಟುಂಬದವರು ಕೃತಕವೆಂದು ಬದಿಗಿಟ್ಟಿದ್ದ ಕಾರ್ಡೇ ಅವರ ಪರವಾದ ಅತ್ಯಂತ ಬಲವಾದ ಸಾಕ್ಷ್ಯವಾಗಿತ್ತು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು. ಅಪನಂಬಿಕೆ ಅವರನ್ನು ಸಂಸ್ಥೆಯ ಸುಳ್ಳಿನಿಂದ ಕಾಪಾಡಲಿಲ್ಲ, ಸಂಸ್ಥೆಯದೇ ಸೀಲು ಹೇಳುತ್ತಿದ್ದ ಸತ್ಯವನ್ನು ಅವರ ಕಣ್ಣಿಗೆ ಬೀಳದಂತೆ ಮಾಡಿತು. ಆ ಅಪನಂಬಿಕೆಯನ್ನು ಬೆಳೆಸಿದ್ದು ಮಾತ್ರ ಸಂಸ್ಥೆಯ ಮೌನವೇ.

ಯಾವ ದಿನಾಂಕದ ಮೇಲೆ ವಾದ

ಎರಡನೆಯ ಮುಖ್ಯ ನಿರ್ಧಾರ ಇದರ ನಂತರದ್ದು. ಮಗ 24ನೆಯ ದಿನವನ್ನೇ ಹಿಡಿಯಬೇಕು ಎಂದರು. ಅದು ಗಡುವಿಗಿಂತ ಬಹಳ ಮೊದಲಿನದು, ಅಂಚೆ ಸೇವೆಯ ದಾಖಲೆ ಬೇರೆ. ಆ ವಾದಕ್ಕೆ ಕಾನೂನಿನ ಬೆಂಬಲವೂ ಇತ್ತು. ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ತೆತ್ತು ಹಾಕಿದ ಪತ್ರ ಸಕಾಲದಲ್ಲಿ ತಲುಪಿದೆ ಎಂದು ಭಾವಿಸಬೇಕು ಎಂಬ ತತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1884ರಲ್ಲಿಯೇ ರೋಸೆಂಥಾಲ್ ವಿರುದ್ಧ ವಾಕರ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೆ ಆ ಭಾವನೆಯನ್ನು ಎದುರಾಳಿ ಸಾಕ್ಷ್ಯ ಕೊಟ್ಟು ಅಲ್ಲಗಳೆಯಬಹುದು. ಚೀಲ ಒಯ್ದ ಗುತ್ತಿಗೆದಾರರ ಕೈಸೇರಿದ್ದು ಸಂಸ್ಥೆಯ ಕೈಸೇರಿದಂತೆಯೇ, ಅಲ್ಲವೇ ಎಂಬ ಹೊಸ ಚರ್ಚೆ ಹುಟ್ಟುತ್ತಿತ್ತು. ಅದಕ್ಕೆ ವಿಚಾರಣೆ, ವಕೀಲರು, ತಿಂಗಳುಗಳು ಬೇಕಾಗುತ್ತಿದ್ದವು.

ಆದ್ದರಿಂದ 24ನ್ನು ಒಂದೇ ವಾಕ್ಯದಲ್ಲಿ ಹೇಳಿ, ಮುಖ್ಯ ವಾದವನ್ನು 29ರ ಮೇಲೆ ಕಟ್ಟಿದೆವು. ಅದು ಸಂಸ್ಥೆಯೇ ಒತ್ತಿದ ಸೀಲು, ಸಂಸ್ಥೆಯ ಕಡತದಲ್ಲೇ ಇರುವ ಲಕೋಟೆ. ಅದನ್ನು ಒಪ್ಪಿಕೊಳ್ಳಲು ಸಂಸ್ಥೆ ಅಂಚೆ ಸೇವೆಯ ಜೊತೆಗಾಗಲಿ ಗುತ್ತಿಗೆದಾರರ ಜೊತೆಗಾಗಲಿ ಜಗಳಕ್ಕೆ ಇಳಿಯಬೇಕಾಗಿರಲಿಲ್ಲ. ಪತ್ರದಲ್ಲಿ ಆರೋಪದ ಒಂದು ಪದವನ್ನೂ ಬಳಸಲಿಲ್ಲ. ಇದಕ್ಕೆ ಮಗನನ್ನು ಒಪ್ಪಿಸಲು ಸಮಯ ಹಿಡಿಯಿತು. ಅವರ ಸಿಟ್ಟು ನ್ಯಾಯವಾದದ್ದೇ ಆಗಿತ್ತು, ಆದರೆ ಅದನ್ನು ಓದುವ ಅಧಿಕಾರಿ ಸೀಲು ತಿದ್ದಿದವರಲ್ಲ, ಲಕೋಟೆಯನ್ನು ತಿರುಗಿಸಿ ನೋಡದವರು ಅಷ್ಟೆ. ಒಂದೂವರೆ ಪುಟದ ಪತ್ರ, ಕಾರ್ಡಿನ ಪ್ರತಿ, ಲಕೋಟೆಯ ಎರಡೂ ಬದಿಗಳ ಪ್ರತಿ, ದಿನಾಂಕಗಳ ಹಾಳೆ ಇಷ್ಟನ್ನು ಕಾಂಗ್ರೆಸ್ ಸದಸ್ಯರ ಕಚೇರಿಯ ಮೂಲಕವೂ ನೇರವಾಗಿಯೂ ಕಳುಹಿಸಿದೆವು. ಈ ಬಾರಿ ಪ್ರತಿ ಪುಟದ ತಲೆಯಲ್ಲಿ ಪ್ರಕರಣದ ಸಂಖ್ಯೆಯೂ ಪತ್ರದ ಸಂಖ್ಯೆಯೂ ಇದ್ದವು. ಸರ್ಟಿಫೈಡ್ ಮೇಲ್‌ನ ರಸೀದಿ ಒಂದು ಲಕೋಟೆ ಹೋಯಿತು ಎಂದಷ್ಟೇ ಹೇಳುತ್ತದೆ, ಒಳಗೇನಿತ್ತು ಎಂದು ಹೇಳುವುದಿಲ್ಲ. ಸಂಖ್ಯೆಯನ್ನು ಪುಟದ ಮೇಲೇ ಬರೆಯುವುದು ಆ ಕೊರತೆಯನ್ನು ಒಂದಿಷ್ಟು ತುಂಬುತ್ತದೆ.

ಫಲಿತಾಂಶ

ಸಂಸ್ಥೆ ವಜಾ ಆದೇಶವನ್ನು ಹಿಂದಕ್ಕೆ ಪಡೆಯಿತು. ಮೇಲ್ಮನವಿ ಅನಗತ್ಯವಾಯಿತು. ಮರುಪರಿಶೀಲನೆಯಲ್ಲಿ ಹೆಚ್ಚುವರಿ ಪಾವತಿ ಆಗಿರುವುದು ನಿಜವೆಂದೇ ತೀರ್ಮಾನವಾಯಿತು, ಆದರೆ ಅರ್ಜಿದಾರೆಯ ಆದಾಯವನ್ನು ಪರಿಗಣಿಸಿ ತಿಂಗಳ ಕಡಿತವನ್ನು ಗಣನೀಯವಾಗಿ ಇಳಿಸಲಾಯಿತು. ಅವರು ಬಯಸಿದ್ದು ಪೂರ್ತಿಯಾಗಿ ಸಿಗಲಿಲ್ಲ, ಅವರ ಮಾತನ್ನು ಕೇಳದೆ ತಳ್ಳಿಹಾಕಿದ್ದು ಮಾತ್ರ ಸರಿಯಾಯಿತು.

ನಂಬಿಕೆಯ ವಿಷಯದಲ್ಲಿ ಫಲಿತಾಂಶ ಅಷ್ಟು ಚೆನ್ನಾಗಿಲ್ಲ. ಸಂಸ್ಥೆಯ ಹೊಸ ಪತ್ರದಲ್ಲಿ ‘ಮತ್ತೊಮ್ಮೆ ಪರಿಶೀಲಿಸಿದ ಮೇಲೆ’ ಎಂಬ ಮಾತಿತ್ತು, ಕಾರಣ ಇರಲಿಲ್ಲ. ಟಪಾಲು ಕೊಠಡಿಯ ಸೀಲನ್ನು ಗಮನಿಸಿರಲಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಮಗನಿಗೆ ಅದು ಸಿಕ್ಕಿಬಿದ್ದವರ ಮಾತಿನಂತೆ ಕೇಳಿಸಿತು. ನಾನು ಅವರನ್ನು ತಪ್ಪೆನ್ನಲಾರೆ. ದಾಖಲೆಗಳು ನಮ್ಮ ಮುಂದೆ ಇದ್ದುದರಿಂದ ನಮಗೆ ಬೇರೆ ವಿವರಣೆ ತಿಳಿದಿತ್ತು, ಆದರೆ ಅದನ್ನು ಕೊಡಬೇಕಾಗಿದ್ದವರು ನಾವಲ್ಲ.

ಈ ಪ್ರಕರಣದ ನಂತರ ನಮ್ಮ ಗುಂಪಿನಲ್ಲಿ ಕೆಲವು ಪದ್ಧತಿಗಳು ಬದಲಾದವು. ಗಡುವು ಅಂಚೆಗೆ ಹಾಕಿದ ದಿನವನ್ನು ಎಣಿಸುತ್ತದೆಯೋ ಕಚೇರಿ ತಲುಪಿದ ದಿನವನ್ನು ಎಣಿಸುತ್ತದೆಯೋ ಎಂಬುದನ್ನು ಎಲ್ಲಕ್ಕಿಂತ ಮೊದಲು ಓದಿ, ಕಡತದ ಮೇಲ್ಭಾಗದಲ್ಲಿ ಬರೆಯುತ್ತೇವೆ. ತಲುಪಿದ ದಿನವೆಂದಾದರೆ, ವಾಷಿಂಗ್ಟನ್ನಿನ ಆ ಪಿನ್ ಸಂಖ್ಯೆಗಳಿಗೆ ಅಂಚೆಯೊಂದನ್ನೇ ನಂಬುವುದಿಲ್ಲ. ಸಂಸ್ಥೆ ಫ್ಯಾಕ್ಸ್ ಅಥವಾ ಆನ್‌ಲೈನ್ ಸಲ್ಲಿಕೆಯನ್ನು ಒಪ್ಪುವುದಾದರೆ ಅದನ್ನೂ ಮಾಡಿ, ದೃಢೀಕರಣದ ಹಾಳೆಯನ್ನು ಇಟ್ಟುಕೊಳ್ಳುತ್ತೇವೆ. ಅಂಚೆಯ ದಿನವನ್ನು ಎಣಿಸುವ ಕಡೆಯಲ್ಲೂ ಕೌಂಟರಿನಲ್ಲೇ ಮೊಹರು ಹಾಕಿಸುತ್ತೇವೆ. ವಿಂಗಡಣಾ ಕೇಂದ್ರದ ಯಂತ್ರ ಒತ್ತುವ ಮೊಹರಿನ ದಿನಾಂಕ, ಪತ್ರ ಅಂಚೆಯ ವಶಕ್ಕೆ ಬಂದ ದಿನಕ್ಕಿಂತ ತಡವಾಗಿರಬಹುದು ಎಂಬುದನ್ನು ಅಮೆರಿಕದ ಅಂಚೆ ಸೇವೆಯೇ 2025ರ ಕೊನೆಯಲ್ಲಿ ತನ್ನ ನಿಯಮಾವಳಿಯಲ್ಲಿ ಸ್ಪಷ್ಟಪಡಿಸಿದೆ. ಸ್ವೀಕೃತಿ ಕಾರ್ಡು ಮನೆಗೆ ಬಂದ ದಿನವೇ ಎರಡೂ ಬದಿಗಳ ಫೋಟೊ ತೆಗೆಯುತ್ತೇವೆ, ಅದು ಬೇರೆ ದಾಖಲೆಗಳಿಗೆ ಹೊಂದದಿದ್ದರೂ ಸರಿ. ಹೊಂದದ ದಾಖಲೆಯನ್ನೇ ಮೊದಲು ಓದಬೇಕು ಎಂದು ಹೊಸಬರಿಗೆ ಹೇಳಿಕೊಡುತ್ತೇವೆ.

ಇನ್ಸ್‌ಪೆಕ್ಟರ್ ಜನರಲ್‌ಗೆ ದೂರು ಕೊಡುವ ಮಾತನ್ನು ಅರ್ಜಿದಾರೆಯೇ ಕೈಬಿಟ್ಟರು. ಆದರೆ ಸಂಸ್ಥೆಯ ಕಂಪ್ಯೂಟರಿನಲ್ಲಿ ಅವರ ಕೋರಿಕೆ ಸ್ವೀಕೃತವಾದ ದಿನ ಇಂದಿಗೂ 36 ಎಂದೇ ಇದೆ. ಅದನ್ನು 29 ಎಂದು ತಿದ್ದಬೇಕೆಂದು ಅವರು ಪ್ರೈವೆಸಿ ಕಾಯ್ದೆಯಡಿ ಅರ್ಜಿ ಸಲ್ಲಿಸಿದ್ದಾರೆ. ಇದರಿಂದ ಅವರಿಗೆ ಒಂದು ಡಾಲರಿನ ಲಾಭವೂ ಇಲ್ಲ. ತಾನು ತಡಮಾಡಿದೆ ಎಂದು ಸರ್ಕಾರದ ಲೆಕ್ಕದಲ್ಲಿ ಉಳಿಯುವುದು ಅವರಿಗೆ ಒಪ್ಪಿಗೆಯಿಲ್ಲ. ತಿದ್ದುಪಡಿಯ ಅರ್ಜಿ ಬಂದ 10 ಕೆಲಸದ ದಿನಗಳೊಳಗೆ ಸ್ವೀಕೃತಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಸ್ವೀಕೃತಿ ಬಂದಿದೆ, ತೀರ್ಮಾನ ಇನ್ನೂ ಬಂದಿಲ್ಲ.